ಟ್ಯೂಬು ಹಳದಿಯಾದರೆ ಕುಣಿಯುತ್ತಿದ್ದ ಮೇಡಂ

ಬಾಣಾವರದ ಮೇಡಂ ಮನೆಯಲ್ಲಿ ಕಳೆದ ತಿಂಗಳು ನುಡಿನಮನ ಇಟ್ಟುಕೊಂಡಿದ್ದರು. ಬುದ್ಧವಂದನೆ ಮುಗಿಯಿತು, ಮೇಣದ ಬತ್ತಿ ಹಚ್ಚಿದ್ದಾಯಿತು. ಅವರ ಮಗಳು ನನ್ನ ಕಡೆ ತಿರುಗಿ, "ಸರ್, ಅಮ್ಮನ ಜೊತೆ ಲ್ಯಾಬಿನಲ್ಲಿ ಇದ್ದೋರು ನೀವು. ಎರಡು ಮಾತಾಡಿ" ಅಂದಳು. ನಾನು ಎದ್ದೆ. ಗಂಟಲು ಸರಿಮಾಡಿಕೊಂಡೆ. ಫೋಟೋ ಕಡೆ ನೋಡಿದೆ. ಮಾತು ಬರಲಿಲ್ಲ, ನಗು ಬಂತು. ಮುಸಿಮುಸಿ ನಗು ಅಲ್ಲ, ಹೊಟ್ಟೆ ಹಿಡಿದುಕೊಳ್ಳುವಂಥ ನಗು.

ತಪ್ಪು ಆ ಫೋಟೋದ್ದು. ಕಾಲೇಜಿನ ಗ್ರೂಪ್ ಫೋಟೋದಿಂದ ಅವರೊಬ್ಬರನ್ನೇ ಬಿಡಿಸಿ ದೊಡ್ಡದು ಮಾಡಿಸಿದ್ದರು. ಎಡಗೆನ್ನೆ ಉಬ್ಬಿತ್ತು. ಫೋಟೋದವನು 'ರೆಡಿ' ಅನ್ನುವ ಹೊತ್ತಿಗೆ ಅವರ ಬಾಯಲ್ಲಿ ಏನೋ ಎಲೆ ಇತ್ತು. ಉಗುಳಲು ಮನಸ್ಸಿಲ್ಲ, ನುಂಗಲು ಸಮಯವಿಲ್ಲ, ಗಂಭೀರವಾಗಿ ಕೂರಬೇಕು. ನಾನು ನಗುತ್ತಿದ್ದರೆ ಮನೆಯವರು ಗಾಬರಿಯಿಂದ ನೋಡುತ್ತಿದ್ದರು. ಅಷ್ಟರಲ್ಲಿ ಮೂರನೇ ಸಾಲಿನಲ್ಲಿದ್ದ ನಮ್ಮ ಫಿಸಿಕ್ಸ್ ಮೇಷ್ಟ್ರು, "ಅದು ಹುಣಿಸೆ ಚಿಗುರು ಕಣ್ರೀ, ನನಗೂ ಕೊಟ್ಟಿದ್ರು. ನಂದು ಬಲಗೆನ್ನೆ" ಅಂದುಬಿಟ್ಟರು. ಆಮೇಲೆ ಇಡೀ ಮನೆಯೇ ನಕ್ಕಿತು. ಮಗಳು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಅರಸೀಕೆರೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಮೇಡಂ. ನಾನು ಅಲ್ಲಿಗೆ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕನಾಗಿ ಸೇರಿದಾಗ ಅವರ ನಿವೃತ್ತಿಗೆ ಮೂರೋ ನಾಲ್ಕೋ ವರ್ಷ ಬಾಕಿ ಇತ್ತು. ಅತಿಥಿ ಅನ್ನುವುದು ಕೇಳಲು ಸೊಗಸಾದ ಮಾತು. ಮನೆಗೆ ಬಂದ ಅತಿಥಿಯನ್ನು ಇನ್ನೂ ಎರಡು ದಿನ ಇರಿ ಅನ್ನುತ್ತಾರೆ, ಕಾಲೇಜಿನ ಅತಿಥಿ ಮಾತ್ರ ಪ್ರತಿ ವರ್ಷ ತಾನೇ ಬಂದು ಬಾಗಿಲು ತಟ್ಟಬೇಕು. ನಾನು ಆ ಸಿಟ್ಟನ್ನು ಮುಖದ ಮೇಲೆ ಹೊತ್ತುಕೊಂಡೇ ತಿರುಗುತ್ತಿದ್ದೆ. ಸೇರಿದ ಎರಡನೇ ದಿನ ಟೈಟ್ರೇಷನ್ ಮಾಡಿಸುತ್ತಾ ನಿಂತಿದ್ದೇನೆ, ಗಿಡ್ಡಗೆ ದುಂಡಗೆ ಇರುವ ಹೆಂಗಸೊಬ್ಬರು ಬಿರುಗಾಳಿಯಂತೆ ಒಳಗೆ ನುಗ್ಗಿ, ನನ್ನ ಮೂಗಿನ ಕೆಳಗೆ ಒಂದು ಎಲೆ ಹಿಡಿದು, "ಏನಪ್ಪಾ ಕೆಮಿಸ್ಟ್ರೀ, ಬಾಯಿ ತೆಗಿ" ಅಂದರು. ಮೂವತ್ತು ಹುಡುಗ ಹುಡುಗಿಯರ ಮುಂದೆ! ನಾನು ಬಾಯಿ ತೆಗೆಯಲಿಲ್ಲ. ಹುಡುಗರೆಲ್ಲ ತೆಗೆದರು. ಅವರಿಗೆ ಅದು ಅಭ್ಯಾಸವಾಗಿತ್ತು.

ಅವರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಾನು ಕೆಮಿಸ್ಟ್ರಿ, ಆ ಮೇಷ್ಟ್ರು ಫಿಸಿಕ್ಸು, ಕನ್ನಡದವರು 'ಹಳಗನ್ನಡ'. ಪ್ರಿನ್ಸಿಪಾಲರೊಬ್ಬರೇ 'ಸಾರ್'. ಕೈಯಲ್ಲಿ ಯಾವಾಗಲೂ ಒಂದೇ ಥರದ ಎರಡು ಬಟ್ಟೆ ಚೀಲ. ಒಂದರಲ್ಲಿ ಉತ್ತರ ಪತ್ರಿಕೆ, ಒಂದರಲ್ಲಿ ಸೊಪ್ಪು. ಒಮ್ಮೆ ಅದಲುಬದಲಾಗಿ ಪ್ರಿನ್ಸಿಪಾಲರ ಮೇಜಿನ ಮೇಲೆ ಅಣ್ಣೆ ಸೊಪ್ಪಿನ ಚೀಲ ಇಟ್ಟು, "ಎಲ್ಲಾ ನೋಡಿಯಾಯ್ತು ಸಾರ್, ಈ ಸಲ ಚೆನ್ನಾಗಿದೆ" ಅಂತ ಹೇಳಿ ಹೊರಟುಹೋದರು. ಪ್ರಿನ್ಸಿಪಾಲರು ಚೀಲ ಬಿಚ್ಚಿ ನೋಡಿ, ಸ್ವಲ್ಪ ಯೋಚನೆ ಮಾಡಿ, ಮನೆಗೆ ತೆಗೆದುಕೊಂಡು ಹೋಗಿ ಸಾರು ಮಾಡಿಸಿದರು.

ಜಾವಗಲ್ ಕಡೆಯ ಬಸ್ಸಿನಲ್ಲಿ ಅವರ ಜೊತೆ ಹೋಗುವುದೆಂದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ಬೇಲಿಯಲ್ಲಿ ಏನೋ ಕಂಡರೆ ಸಾಕು, "ಹೋಲ್ಡಾನ್!" ಅಂತ ಕೂಗುವರು. ಡ್ರೈವರು ಬ್ರೇಕ್ ಹಾಕುವನು. ಕಂಡಕ್ಟರು ಬೈಯುತ್ತಾನೆ ಅಂತ ನಾನು ಮುಖ ಮುಚ್ಚಿಕೊಂಡರೆ ಅವನು, "ಇವತ್ತು ಯಾವ ಗಿಡ ಮೇಡಮ್ಮೋರೆ?" ಅನ್ನುವನು. ಒಂದು ಸಲ ಹಾಗೆ ಇಳಿದು ಸೆರಗು ತುಂಬ ಕಾರೆ ಹಣ್ಣು ಕಿತ್ತು ತಂದರು. ಕಾರೆ ಅಂದರೆ ಮೈಯೆಲ್ಲ ಮುಳ್ಳಿರುವ ಗಿಡ, ಹಳದಿ ಬಣ್ಣದ ಚಿಕ್ಕ ಹಣ್ಣು. ದನ ಕಾಯುವವರು ಬಿಟ್ಟರೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಅದನ್ನು ಬಸ್ಸಿನಲ್ಲಿ ಪ್ರಸಾದದ ಹಾಗೆ ಹಂಚಿದರು. ಕೈ ತುಂಬ ಗೀರು, ರಕ್ತ. ಜಾವಗಲ್ ತಲುಪುವವರೆಗೂ ಬಸ್ಸಿನ ಜನ ಬೀಜ ಉಗುಳುತ್ತಾ, ತಮ್ಮ ತಮ್ಮ ಊರಿನ ಬೇಲಿಯಲ್ಲಿ ಏನೇನಿತ್ತು ಅಂತ ಜಗಳ ಆಡುತ್ತಿದ್ದರು.

"ಮೊದಲು ನಾಲಿಗೆ, ಆಮೇಲೆ ಮಿಷನ್ನು" ಅನ್ನುವುದು ಅವರ ಪಾಠ. ಹಾಗಂತ ಸಿಕ್ಕಿದ್ದನ್ನೆಲ್ಲ ತಿನ್ನುವವರಲ್ಲ. ಗುರುತಿಲ್ಲದ ಗಿಡ ಮುಟ್ಟಿದ ಹುಡುಗನ ಕೈಗೆ ಏಟು ಬೀಳುತ್ತಿತ್ತು. ಗುರುತಿರುವುದನ್ನು ಮಾತ್ರ, ಅದೂ ಉಗುರಿನಷ್ಟು, ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚುವರು. ಒಗರಿದ್ದರೆ ಕಣ್ಣು ತೆರೆದು ನಗುವರು. "ಬಾಯಿ ಎಳೀತು ಅಂದ್ರೆ ಒಳಗೆ ಏನೋ ಐತೆ ಕಣಪ್ಪಾ."

ಆ 'ಏನೋ' ಅನ್ನುವುದರ ಹಿಂದೆಯೇ ಅವರು ಬಿದ್ದಿದ್ದರು. ಆಂಟಿಆಕ್ಸಿಡೆಂಟ್ ಅಂದರೆ ಏನು ಅಂತ ಅವರು ತರಗತಿಯಲ್ಲಿ ಹೇಳುತ್ತಿದ್ದುದನ್ನು ನಾನು ಬಾಗಿಲ ಸಂದಿಯಿಂದ ಕೇಳಿದ್ದೇನೆ. "ಬದನೇಕಾಯಿ ಹೆಚ್ಚಿಟ್ರೆ ಕಪ್ಪಾಗಲ್ವಾ? ಕಡಲೇಕಾಯಿ ಎಣ್ಣೆ ಹಳೇದಾದ್ರೆ ಕಮಟು ಬರಲ್ವಾ? ಗಾಳಿ ಮುಟ್ಟಿದ್ದು ಕೆಡುತ್ತೆ. ನಮ್ಮ ಮೈಯೊಳಗೂ ಅಂಥದ್ದೇ ಒಂದು ನಡೀತಾ ಇರುತ್ತೆ. ಅದಕ್ಕೆ ಅಡ್ಡ ನಿಲ್ಲೋ ಗುಣ ಕೆಲವು ಗಿಡಕ್ಕೆ ಇದೆ. ಯಾವುದಕ್ಕೆ ಎಷ್ಟಿದೆ ನೋಡೋಣ ಬನ್ನಿ." ಇಷ್ಟೇ. ನಾನು ಇದನ್ನೇ ಒಂದು ಗಂಟೆ ಹೇಳುತ್ತಿದ್ದೆ, ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಯಾಕೆ ಈ ಹುಚ್ಚು ಅಂತ ಒಮ್ಮೆ ಕೇಳಿದೆ. ನಗುತ್ತಲೇ ಹೇಳಿದರು. ಅವರ ತಾಯಿ ಕೂಲಿಗೆ ಹೋಗುತ್ತಿದ್ದ ಹೊಲಗಳ ಬದುವಿನಲ್ಲಿ ಬೆರಕೆ ಸೊಪ್ಪು ಕಿತ್ತು ತರುತ್ತಿದ್ದರಂತೆ; ಅಣ್ಣೆ, ಹೊನಗೊನ್ನೆ, ಗಣಿಕೆ, ಸಿಕ್ಕಿದ್ದೆಲ್ಲ ಸೇರಿಸಿ ಒಂದು ಸಾರು. ಸ್ಕೂಲಿನಲ್ಲಿ ಇವರ ಊಟದ ಡಬ್ಬಿ ನೋಡಿ ಮಕ್ಕಳು, "ಇವ್ರ ಮನೇಲಿ ಕಳೆ ತಿಂತಾರೆ" ಅಂತ ಆಡಿಕೊಂಡರಂತೆ. "ನಾನು ಮನೆಗೆ ಬಂದು ಅಮ್ಮನ ಮೇಲೆ ರೇಗಾಡ್ದೆ ಕಣಪ್ಪಾ. ಇನ್ಮೇಲೆ ಸೊಪ್ಪು ಮಾಡಬ್ಯಾಡ ಅಂದೆ. ಆಕೆ ಮಾಡೋದೇ ಬಿಟ್ಟಳು. ಎಮ್ಮೆಸ್ಸಿ ಓದುವಾಗ ಗೊತ್ತಾಯ್ತು ನಾನು ಎಂಥಾ ದಡ್ಡಿ ಅಂತ. ಹೇಳೋಣ ಅಂದ್ರೆ ಅಷ್ಟೊತ್ತಿಗೆ ಆಕೆ ಇರಲಿಲ್ಲ." ಹೇಳಿ ಮುಗಿಸಿ ಚೀಲದಿಂದ ಏನೋ ತೆಗೆದು ಬಾಯಿಗೆ ಹಾಕಿಕೊಂಡರು. ಅವರ ನಗುವಿನ ಹಿಂದೆ ಇಷ್ಟೆಲ್ಲ ಇದೆ ಅಂತ ನನಗೆ ಅವತ್ತೇ ಗೊತ್ತಾದದ್ದು, ನನಗೆ ನಾಚಿಕೆಯೂ ಆಯಿತು.

ನಾಚಿಕೆಯಾದರೂ ನಾನು ಅವರ ಜೊತೆ ಸೇರಿದ್ದು ಸ್ವಾರ್ಥಕ್ಕೆ. ಬೇಲೂರಿನ ಕಾಲೇಜೊಂದರಲ್ಲಿ ವಿಚಾರ ಸಂಕಿರಣ ಇತ್ತು. ಮೈಸೂರಿನಿಂದ ಒಬ್ಬ ಪ್ರೊಫೆಸರ್ ಬರುವವರಿದ್ದರು. ಅವರ ಹತ್ತಿರ ಪಿಎಚ್‌ಡಿಗೆ ಒಂದೇ ಒಂದು ಸೀಟು ಖಾಲಿ ಇದೆ, ಅಲ್ಲಿ ಚೆನ್ನಾಗಿ ಮಂಡಿಸಿದವರಿಗೆ ಕೊಡುತ್ತಾರೆ ಅಂತ ಸುದ್ದಿ. ನನಗೆ ಆ ಸೀಟು ಬೇಕಿತ್ತು. ಪಿಎಚ್‌ಡಿ ಆದರೆ ವರ್ಷ ವರ್ಷ ಬಾಗಿಲು ತಟ್ಟುವುದು ತಪ್ಪೀತು ಅಂತ ಆಸೆ. ಮೇಡಂ ಹತ್ತಿರ ಗಿಡಗಳಿದ್ದವು, ನನ್ನ ಹತ್ತಿರ ಕೆಮಿಸ್ಟ್ರಿ. "ಮಂಡಿಸೋದು ನೀನೇ ಕಣಪ್ಪಾ, ನನಗೆ ಸ್ಟೇಜ್ ಹತ್ತಿದ್ರೆ ನಗು ಬರುತ್ತೆ" ಅಂದುಬಿಟ್ಟರು. ನಾನು ಒಳಗೊಳಗೇ ಹಿಗ್ಗಿದೆ.

ಮೈಸೂರಿನ ಗೆಳೆಯನನ್ನು ಕಾಡಿ ಬೇಡಿ ಡಿಪಿಪಿಎಚ್ ಅನ್ನುವ ಪುಡಿ ತರಿಸಿದೆ. ಒಂದು ಚಿಟಿಕೆ ಮೆಥನಾಲಿನಲ್ಲಿ ಕರಗಿಸಿದರೆ ಒಳ್ಳೇ ನೇರಳೆ ಬಣ್ಣ. ಅದಕ್ಕೆ ಗಿಡದ ಸಾರ ಹಾಕಿ ಬೆಳಕು ತಾಗದಂತೆ ಅರ್ಧ ಗಂಟೆ ಇಡಬೇಕು. ಗಿಡದಲ್ಲಿ ಆ ಗುಣ ಇದ್ದರೆ ನೇರಳೆ ಇಳಿದು ಹಳದಿಯಾಗುತ್ತದೆ. ಎಷ್ಟು ಇಳಿಯಿತು ಅನ್ನುವುದನ್ನು ಕಲರಿಮೀಟರ್ ಹೇಳುತ್ತದೆ. ಬೆಳಕು ತಡೆಯಲು ಕಪ್ಪು ಕಾಗದ ಹುಡುಕುತ್ತಿದ್ದೆ, ಮೇಡಂ ತಮ್ಮ ಹಳೇ ಕೊಡೆಯ ಬಟ್ಟೆ ಹರಿದು ಟ್ಯೂಬುಗಳಿಗೆ ಒಂದೊಂದು ಲಂಗ ಹೊಲಿದು ತಂದರು. ಎಲ್ಲದಕ್ಕೂ ಲಾಡಿ ಬೇರೆ.

ಅರ್ಧ ಗಂಟೆ ಅವರಿಗೆ ಅರ್ಧ ಜನ್ಮ. ಹತ್ತು ನಿಮಿಷಕ್ಕೇ ಲಂಗ ಎತ್ತಿ ಇಣುಕುವರು. ನಾನು ಗದರುವೆ. "ಆಯ್ತಪ್ಪಾ ಆಯ್ತು" ಅಂತ ಕೂತು ಮತ್ತೆ ಏಳುವರು. ಹೊತ್ತಾಗಿ ಬಟ್ಟೆ ತೆಗೆದಾಗ ಹಳದಿ ಕಂಡರೆ ಮುಗಿಯಿತು. "ಹೋಯ್ತು! ನೇರಳೆ ಹೋಯ್ತು ನೋಡ್ರೋ!" ಅಂತ ಟ್ಯೂಬ್ ಹಿಡಿದು ಕಾರಿಡಾರಿನಲ್ಲಿ ಓಡುವರು. ಐವತ್ತಾರರ ಹೆಂಗಸು, ಮಂಡಿನೋವು ಇರುವವರು, ಓಡುವರು. ಹಳಗನ್ನಡದವರ ತರಗತಿಗೆ ನುಗ್ಗಿ, "ನೋಡಿ, ಇದು ಕವಳೆ ಹಣ್ಣು!" ಅಂತ ತೋರಿಸಿ, ಅಲ್ಲಿಂದ ಹಿಸ್ಟರಿ, ಅಲ್ಲಿಂದ ಆಫೀಸು. ಒಮ್ಮೆ ಸಕ್ಕರೆ ಕಾಯಿಲೆಯ ಪ್ರಿನ್ಸಿಪಾಲರು ಆಸೆಯಿಂದ, "ಇದು ಶುಗರ್‌ಗೆ ಆಗುತ್ತೇನ್ರೀ?" ಅಂತ ಕೇಳಿದರು. "ಟ್ಯೂಬಿಗೆ ಆಗುತ್ತೆ ಸಾರ್. ನಿಮಗೆ ಆಗುತ್ತೋ ಇಲ್ವೋ ನನಗೆ ಗೊತ್ತಿಲ್ಲ, ನಿಮ್ಮ ಮಾತ್ರೆ ನೀವು ತಗೊಳ್ಳಿ" ಅಂದರು. ಗೊತ್ತಿಲ್ಲ ಅನ್ನುವ ಮಾತನ್ನು ಅವರಷ್ಟು ಖುಷಿಯಿಂದ ಹೇಳಿದವರನ್ನು ನಾನು ಕಂಡಿಲ್ಲ.

ಕವಳೆ ಒಳ್ಳೆಯದೇ ಬಂತು, ಕಾರೆ ಪರವಾಗಿಲ್ಲ, ಸೊಪ್ಪುಗಳು ಒಂದೊಂದು ಥರ. ಆದರೆ ಸಂಕಿರಣದಲ್ಲಿ ಹುಬ್ಬೇರಿಸುವಂಥದ್ದು ಯಾವುದೂ ಇರಲಿಲ್ಲ. ಆಗ ಮೇಡಂಗೆ ಮಾಗಳಿ ಬೇರು ನೆನಪಾಯಿತು. ಕಲ್ಲುಗುಡ್ಡಗಳ ಸಂದಿಯಲ್ಲಿ ಹಬ್ಬುವ ಬಳ್ಳಿ, ಅದರ ಬೇರು ಘಮ್ಮೆನ್ನುತ್ತದೆ, ಉಪ್ಪಿನಕಾಯಿ ಹಾಕುತ್ತಾರೆ. ಅಗೆದು ಅಗೆದು ಈಗ ಸಿಗುವುದೇ ಅಪರೂಪ. ಹಾರನಹಳ್ಳಿಯಿಂದ ಆಚೆ ಒಂದು ಹಳ್ಳಿಯಲ್ಲಿ ಮೇಡಂಗೆ ಪರಿಚಯದ ಅಜ್ಜಿಯೊಬ್ಬರಿದ್ದರು. ಆಕೆ ಬಳ್ಳಿಯ ಒಂದು ಪಕ್ಕ ಮಾತ್ರ ಕೆದಕಿ, ಒಂದೇ ಒಂದು ಬೇರು ತೆಗೆದು, ಉಳಿದದ್ದಕ್ಕೆ ಮಣ್ಣು ಮುಚ್ಚಿ ನೀರು ಹಾಕಿ ಬರುವವರು. "ಸಿಪ್ಪೆ ತೆಗೆದು, ಹೆಚ್ಚಿ, ನೆರಳಲ್ಲಿ ಒಣಗಿಸಿ ಕಳಿಸಜ್ಜಿ, ಒಂದು ಹಿಡಿ ಸಾಕು" ಅಂತ ಮೇಡಂ ಹೇಳಿ ಕಳಿಸಿದರು. ಹದಿನೈದು ದಿನಕ್ಕೆ ಟೆಂಪೋದಲ್ಲಿ ಒಂದು ಸ್ಟೀಲ್ ಡಬ್ಬಿ ಬಂತು. ಮುಚ್ಚಳ ತೆಗೆದರೆ ಲ್ಯಾಬೆಲ್ಲ ಘಮಲು. ಬೆಳ್ಳಗೆ, ಅಚ್ಚುಕಟ್ಟಾಗಿ ಸೀಳಿದ ಚೂರುಗಳು.

ಆ ವಾರ ಮೇಡಂಗೆ ಹಲ್ಲು ಕಿತ್ತಿದ್ದರು. ಕೆನ್ನೆ ಊದಿತ್ತು, ಗಂಜಿ ಬಿಟ್ಟು ಏನೂ ಬಾಯಿಗೆ ಹಾಕುವಂತಿರಲಿಲ್ಲ. "ಇವತ್ತು ನಾಲಿಗೆ ನಿಂದು ಕಣಪ್ಪಾ ಕೆಮಿಸ್ಟ್ರಿ. ಒಂದು ಚೂರು ಅಗಿದು ಹೇಳು" ಅಂತ ಕೈಸನ್ನೆಯಲ್ಲೂ ಊದಿದ ಬಾಯಲ್ಲೂ ಹೇಳಿದರು. ಯಾರೋ ಹಳ್ಳಿಯಲ್ಲಿ ಹೆಚ್ಚಿ ಒಣಗಿಸಿದ ಬೇರು, ನಾನು ಪ್ರಯೋಗಾಲಯದ ಮನುಷ್ಯ. ಯಂತ್ರ ಇರುವಾಗ ನಾಲಿಗೆ ಯಾಕೆ? ಅತ್ತ ತಿರುಗಿ, ಚೂರನ್ನು ತುಟಿಗೆ ತಾಗಿಸಿದ ಹಾಗೆ ಮಾಡಿ ಜೇಬಿಗೆ ಹಾಕಿಕೊಂಡು, "ಒಗರು ಮೇಡಂ, ಜೋರಾಗಿದೆ" ಅಂದೆ. ಅವರ ಮುಖ ಅರಳಿತು.

ಪುಡಿ ಮಾಡಿ, ಸಾರ ತೆಗೆದು, ಟ್ಯೂಬಿಗೆ ಹಾಕಿದೆವು. ಅರ್ಧ ಗಂಟೆ ಬೇಕಾಗಲಿಲ್ಲ. ಕಣ್ಣ ಮುಂದೆಯೇ ನೇರಳೆ ಕರಗಿ ಹಳದಿಯಾಯಿತು. ನಾನು ಕಲರಿಮೀಟರಿಗೆ ಇಟ್ಟು ನೋಡಿ ಕೂಗಿಬಿಟ್ಟೆ. ಮೇಡಂ ಊದಿದ ಕೆನ್ನೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದು ಲ್ಯಾಬಿನ ನಡುವೆ ಕುಣಿದರು. ಅವತ್ತು ನಾನೂ ಕುಣಿದೆ. ಸೀಟು ನನ್ನದೇ ಅಂತ ಆ ಗಳಿಗೆಯಲ್ಲೇ ತೀರ್ಮಾನ ಮಾಡಿಕೊಂಡೆ. ಗ್ರಾಫಿನಲ್ಲಿ ಮಾಗಳಿ ಬೇರಿನ ಕಂಬ ಉಳಿದವನ್ನೆಲ್ಲ ಮೀರಿ ಎದ್ದು ನಿಂತಿತ್ತು. ಆ ರಾತ್ರಿಯೇ ಪ್ರಬಂಧ ಬರೆದು ಕಳಿಸಿದೆ.

ಸಂಕಿರಣಕ್ಕೆ ಎರಡು ದಿನ ಇದ್ದಾಗ ಬಳ್ಳಿಯ ಫೋಟೋ ತೆಗೆಯಲು ಅಜ್ಜಿಯ ಊರಿಗೆ ಹೋದೆವು. ಮೇಡಂ ಬಂಡೆಯ ಕಡೆ ಮಾಯವಾದರು. ನಾನು ಜಗಲಿಯಲ್ಲಿ ಅಜ್ಜಿ ಕೊಟ್ಟ ಮಜ್ಜಿಗೆ ಕುಡಿಯುತ್ತಾ, ದೊಡ್ಡಸ್ತಿಕೆಯಿಂದ, "ನಿಮ್ಮ ಬೇರು ಭಾಳ ಚೆನ್ನಾಗಿ ಬಂದಿದೆ ಅಜ್ಜಿ" ಅಂದೆ.

ಅಜ್ಜಿ ಹಿಗ್ಗಿ, "ಬೆಳ್ಳಗಿತ್ತಾ ಮಗ?" ಅಂದರು.

"ತುಂಬಾ ಬೆಳ್ಳಗಿತ್ತು."

"ಮತ್ತೆ! ಸಿಪ್ಪೆ ತೆಗುದ್ರೆ ಕಪ್ಪಾಗೋಗ್ತದೆ ಅದು. ಕಾಲೇಜ್ನೋರ್ಗೆ ಕಪ್ಪುಂದ್ ಕಳ್ಸಕ್ಕಾಯ್ತದಾ? ಅದುಕ್ಕೆ ಹೆಚ್‌ತಾ ಹೆಚ್‌ತಾನೇ ನಿಂಬೆ ರಸ್ದಾಗೆ ಹಾಕ್ಕಂಡೆ. ನಾಕು ಹಣ್ಣು ಹಿಂಡಿದ್ದೆ, ಒಂದು ರಾತ್ರಿ ಚೆಂದಾಗಿ ನೆಂದೈತೆ. ಆಮ್ಯಾಕೆ ಒಣಾಕಿದ್ದು."

ಮಜ್ಜಿಗೆ ಲೋಟ ಕೆಳಗಿಟ್ಟೆ. ನಾವು ಅಳೆದದ್ದು ಬೇರನ್ನಲ್ಲ. ನಾಲ್ಕು ನಿಂಬೆಹಣ್ಣು ಕುಡಿದ ಬೇರನ್ನು; ನೇರಳೆಯನ್ನು ನಿಂಬೆಯೂ ಇಳಿಸುತ್ತದೆ. ಒಂದು ಚೂರು ಅಗಿದಿದ್ದರೆ ಹುಳಿ ಅಂತ ಎಳೇ ಮಗುವಿಗೂ ಗೊತ್ತಾಗುತ್ತಿತ್ತು.

ಮೇಡಂ ಬಂಡೆಯಿಂದ ಇಳಿದು ಬಂದಾಗ ನಾನು ಏನೂ ಹೇಳಲಿಲ್ಲ. ಎರಡು ದಿನ ಹೇಳಲಿಲ್ಲ. ಪ್ರೊಫೆಸರಿಗೆ ಅಜ್ಜಿಯ ನಿಂಬೆಹಣ್ಣು ಹೇಗೆ ಗೊತ್ತಾಗಬೇಕು? ಸೀಟು ಸಿಗಲಿ, ಆಮೇಲೆ ಇನ್ನೊಂದು ಸಲ ಸರಿಯಾಗಿ ಮಾಡಿದರಾಯಿತು. ಹೀಗೆ ನನಗೆ ನಾನೇ ನೂರು ಸಲ ಸಮಾಧಾನ ಹೇಳಿಕೊಂಡೆ.

ಬೇಲೂರಿಗೆ ಹೊರಟ ದಿನ ಹಳೇಬೀಡಿನಲ್ಲಿ ಬಸ್ಸು ಬದಲಿಸಬೇಕಿತ್ತು. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ಗೊತ್ತಾಗಿ ಮೇಡಂ, "ಬಾ, ಬಸ್ತಿಹಳ್ಳಿಗೆ ಹೋಗಿ ಬರೋಣ, ಬೇಲಿ ಪಕ್ಕ ಏನಾದ್ರೂ ಇರುತ್ತೆ" ಅಂದರು. ಬಸದಿಯ ಮೆಟ್ಟಿಲ ಮೇಲೆ ಕೂತೆವು. ಅವರು ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟಿದ್ದರು. ನನ್ನ ಶರ್ಟಿನ ಕಾಲರ್ ಸರಿ ಮಾಡಿ, "ಇವತ್ತು ನಮ್ಮಮ್ಮ ಇರಬೇಕಿತ್ತು ಕಣಪ್ಪಾ. ಅಷ್ಟು ದೊಡ್ಡ ಜನದ ಮುಂದೆ ಗುಡ್ಡದ ಬೇರು, ಬದುವಿನ ಸೊಪ್ಪು ಅಂತ ನೀನು ಮಾತಾಡೋದನ್ನ ಕೇಳಬೇಕಿತ್ತು" ಅಂದರು.

ಇನ್ನು ತಡೆಯಲು ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ. ನಾಲ್ಕು ಹಣ್ಣು ಅಂತಲೂ ಹೇಳಿದೆ.

ಮೇಡಂಗೆ ಶುರುವಾಯಿತು ನೋಡಿ ನಗು. ಮೊದಲು ಭುಜ ಕುಣಿಯಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಮೈ. ಮೆಟ್ಟಿಲು ಬಡಿದುಕೊಂಡು ನಕ್ಕರು. ಕಾವಲುಗಾರ ಓಡಿ ಬಂದು, "ಏನಾಯ್ತಮ್ಮ, ಹುಷಾರಿಲ್ವಾ?" ಅಂದ. "ನಿಂಬೇಹಣ್ಣು ಕಣಪ್ಪಾ! ನಾಕು!" ಅಂತ ಬೆರಳು ತೋರಿಸಿದರು. ಅವನು ನನ್ನ ಮುಖ ನೋಡಿ, ನೀರಿನ ಬಾಟಲಿ ಇಟ್ಟು ಹೋದ. "ಅಲ್ವೋ, ಗಾಳಿ ಮುಟ್ಟಿದ್ರೆ ಕಪ್ಪಾಗುತ್ತೆ, ಕಪ್ಪಾಗಬಾರದು ಅಂತ ನಿಂಬೆ ಹಿಂಡ್ತು ಆ ಯಮ್ಮ! ನಮ್ಮ ಸಬ್ಜೆಕ್ಟೇ ಅದು! ನಾವು ಆರು ತಿಂಗಳಿಂದ ಲಂಗ ಹೊಲಿದು ಅಳೀತಾ ಇರೋದನ್ನ ಆಕೆ ಪಾತ್ರೇಲಿ ಮಾಡಿಟ್ಟು ಟೆಂಪೋಲಿ ಕಳಿಸಿದ್ದಾಳೆ!" ನನಗೂ ನಗು ಬಂತು. ಎರಡು ದಿನದ ಭಾರ ಇಳಿದ ಹಾಗಾಗಿ ನಾನೂ ಅವರ ಜೊತೆ ಕಣ್ಣೀರು ಬರುವಷ್ಟು ನಕ್ಕೆ.

ಅವರು ಮೊದಲು ನಿಲ್ಲಿಸಿದರು. ಕಣ್ಣು ಒರೆಸಿಕೊಂಡು ಕೇಳಿದರು: "ಹಂಗಾದ್ರೆ ಅವತ್ತು ನೀನು ತಿಂದಿರಲಿಲ್ಲ, ಅಲ್ವಾ?"

"ಇಲ್ಲ ಮೇಡಂ."

"ಒಗರು ಅಂದೆ."

"ಹೌದು ಮೇಡಂ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಟಲಿಯ ನೀರು ಕುಡಿದು, ಮುಚ್ಚಳ ಬಿಗಿ ಮಾಡುತ್ತಾ ಕೂತರು. ನಾನು ನಾಚಿಕೆ ಬಿಟ್ಟು ಬೇಡಿದೆ. ಮೇಡಂ, ಇವತ್ತೊಂದು ದಿನ ಸುಮ್ಮನಿರೋಣ. ಆ ಸೀಟು ಹೋದರೆ ನನಗೆ ಮತ್ತೆ ಯಾವಾಗಲೋ. ನಿಮಗೆ ಕೆಲಸ ಇದೆ, ಪೆನ್ಷನ್ ಬರುತ್ತೆ, ನನಗೆ ಏನಿದೆ ಅಂತ ಕೇಳಿಯೂ ಬಿಟ್ಟೆ. ಅವರು ಎದ್ದು ಸೀರೆ ಕೊಡವಿಕೊಂಡರು.

"ನಾನು ಏನೂ ಹೇಳಲ್ಲ ಕಣಪ್ಪಾ. ಸ್ಟೇಜ್ ಮೇಲೆ ಇರೋನು ನೀನು. ನಿನ್ನ ಕಷ್ಟ ನನಗೆ ಗೊತ್ತಿಲ್ದೆ ಏನಿಲ್ಲ. ಮುಂದಿನ ಸಾಲಲ್ಲಿ ಕೂತಿರ್ತೀನಿ, ನಗು ಬಂದ್ರೆ ನಗ್ತೀನಿ, ಅಷ್ಟೇ. ನಡಿ, ಬಸ್ ಬತ್ತದೆ."

ಬೇಲೂರಿನ ಆ ಸಭಾಂಗಣದಲ್ಲಿ ನನ್ನ ಸರದಿ ಊಟಕ್ಕೆ ಮುಂಚೆ ಬಂತು. ಪ್ರೊಫೆಸರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದರು. ಕವಳೆ ಹೇಳಿದೆ, ಕಾರೆ ಹೇಳಿದೆ, ಸೊಪ್ಪುಗಳನ್ನು ಹೇಳಿದೆ. ಕೊನೆಗೆ ಆ ಎತ್ತರದ ಕಂಬ ಪರದೆಯ ಮೇಲೆ ಬಂತು. ಪ್ರೊಫೆಸರು ನೆಟ್ಟಗಾದರು, ಪೆನ್ನು ತೆಗೆದರು. ಅವರು ಪೆನ್ನು ತೆಗೆದದ್ದನ್ನು ನಾನು ಕಣ್ಣಾರೆ ನೋಡಿದೆ. ಮೇಡಂ ಕಡೆ ನೋಡಬಾರದು ಅಂತ ಎಷ್ಟು ಅಂದುಕೊಂಡರೂ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಪರದೆಯ ಮೇಲಿದ್ದ ಬಳ್ಳಿಯ ಫೋಟೋ ನೋಡುತ್ತಾ, ಮಗುವಿನ ಹಾಗೆ ಬಾಯಿ ತೆರೆದು ಕೂತಿದ್ದರು.

"ಈ ಕಂಬ ತಪ್ಪು" ಅಂದೆ. "ಇದರಲ್ಲಿ ಬೇರು ಎಷ್ಟು, ನಿಂಬೆಹಣ್ಣು ಎಷ್ಟು ಅಂತ ನನಗೆ ಗೊತ್ತಿಲ್ಲ." ಅಜ್ಜಿಯ ಕಥೆ ಹೇಳಿದೆ. ಕಾಲೇಜಿನವರಿಗೆ ಕಪ್ಪುಬೇರು ಕಳಿಸಲಾಗದೆ ಆಕೆ ಪಟ್ಟ ಕಷ್ಟ ಹೇಳಿದೆ. ಸಭೆ ಗೊಳ್ಳೆಂದಿತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ತಪ್ಪು ಅಜ್ಜಿಯ ಮೇಲೆ ಉಳಿಯುತ್ತಿತ್ತು. "ಅಗಿದು ನೋಡು ಅಂತ ನನಗೆ ಹೇಳಿದ್ದರು. ನಾನು ಅಗಿಯದೆ ಅಗಿದೆ ಅಂದೆ. ತಪ್ಪು ನನ್ನದು" ಅಂದೆ. ಸಭೆ ಇನ್ನೂ ಜೋರಾಗಿ ನಕ್ಕಿತು. ಅಷ್ಟು ಜನರಲ್ಲಿ ಮೇಡಂ ಒಬ್ಬರೇ ನಗಲಿಲ್ಲ. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದರು.

ಪ್ರೊಫೆಸರು ಪೆನ್ನು ಜೇಬಿಗೆ ಹಾಕಿಕೊಂಡು, "ಹಾಗಾದರೆ ಬರೀ ಬೇರಿನದ್ದು ಎಷ್ಟು?" ಅಂತ ಕೇಳಿದರು.

"ಗೊತ್ತಿ‌ಲ್ಲ ಸರ್."

"ಗೊತ್ತು ಮಾಡಿಕೊಂಡು ಬರಬೇಕಿತ್ತು" ಅಂದರು. ಸರಿಯಾದ ಮಾತೇ. ಸೀಟು ಮಂಡ್ಯ ಕಡೆಯ ಒಬ್ಬ ಹುಡುಗಿಗೆ ಹೋಯಿತು. ಆಕೆ ಚೆನ್ನಾಗಿಯೇ ಮಂಡಿಸಿದ್ದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಗೆ ಮುಖ ಕೊಟ್ಟು ಕೂತೆ. ಅಳುತ್ತಿದ್ದೆ ಅಂತ ಬರೆಯಲು ಈಗ ಸಂಕೋಚವಿಲ್ಲ. ಮೇಡಂ ಹೋಲ್ಡಾನ್ ಅನ್ನಲಿಲ್ಲ, ಬೇಲಿ ನೋಡಲಿಲ್ಲ. ಜಾವಗಲ್ ದಾಟಿದ ಮೇಲೆ, "ನನಗೂ ಹೊಟ್ಟೆ ಉರೀತೈತೆ ಕಣಪ್ಪಾ. ಸೀಟು ನಿನಗೇ ಬರಬೇಕಿತ್ತು" ಅಂದರು. ಒಳ್ಳೇದು ಮಾಡಿದೆ, ಶಭಾಷ್, ಅಂಥದ್ದೇನೂ ಹೇಳಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡು ಅರಸೀಕೆರೆಯವರೆಗೂ ಹಾಗೇ ಕೂತಿದ್ದರು.

ಅಜ್ಜಿಯಿಂದ ಹೊಸ ಬೇರು ಬಂತು. ಈ ಸಲ ಕಪ್ಪಗೆ, ನಿಂಬೆ ಇಲ್ಲದ್ದು. "ನೋಡಕ್ಕೆ ಚೆಂದಾಗಿಲ್ಲ, ಬೇಜಾರ್ ಮಾಡ್ಕಬ್ಯಾಡಿ" ಅಂತ ಹೇಳಿ ಕಳಿಸಿದ್ದರು. ಸೋಮವಾರ ಮಧ್ಯಾಹ್ನ ಟ್ಯೂಬ್ ಇಟ್ಟೆವು. ನೇರಳೆ ಇಳಿಯಿತು, ನಿಧಾನವಾಗಿ, ಅರ್ಧ ಗಂಟೆ ಪೂರ್ತಿ ತೆಗೆದುಕೊಂಡು. ಒಳ್ಳೆಯ ಬೇರೇ ಅದು, ಹುಬ್ಬೇರಿಸುವಂಥದ್ದಲ್ಲ, ಕವಳೆಗಿಂತ ಸ್ವಲ್ಪ ಮೇಲೆ. ಮೇಡಂ ನೋಟ್‌ಬುಕ್ ತೆರೆದು ಪೆನ್ನು ಹಿಡಿದು ಕೂತಿದ್ದರು. ಅಲ್ಲಿಯವರೆಗೆ ನಾನು ಹೇಳಿದ ಒಂದೊಂದು ಅಂಕಿಯನ್ನೂ ಅವರು ಎದ್ದು ಬಂದು, ಕನ್ನಡಕ ಏರಿಸಿ, ಕಲರಿಮೀಟರಿನ ಮುಳ್ಳಿಗೆ ಮುಖವಿಟ್ಟು ತಾವೇ ನೋಡಿ ಬರೆಯುತ್ತಿದ್ದರು. ಆರು ತಿಂಗಳಲ್ಲಿ ಒಂದು ಸಲವೂ ಬಿಟ್ಟಿರಲಿಲ್ಲ.

ಅವತ್ತು ನಾನು ಅಂಕಿ ಹೇಳಿದೆ. ಅವರು ಏಳಲಿಲ್ಲ. ತಲೆಯನ್ನೂ ಎತ್ತದೆ ಬರೆದುಕೊಂಡು, "ಹ್ಞೂಂ, ಮುಂದಿನದು ಹೇಳು" ಅಂದರು.

ನಾನು ಮುಂದಿನದಕ್ಕೆ ಹೋಗಲಿಲ್ಲ. ಟ್ಯೂಬನ್ನು ತೆಗೆದು, ಒರೆಸಿ, ಮತ್ತೆ ಇಟ್ಟು ನೋಡಿದೆ. ಇನ್ನೂ ಒಂದು ಸಲ ನೋಡಿದೆ. ಆ ಸೀಟು ಹೋದ ಮೇಲೆ ಎಷ್ಟೋ ಲ್ಯಾಬುಗಳಲ್ಲಿ ಎಷ್ಟೋ ಯಂತ್ರಗಳ ಮುಂದೆ ನಿಂತಿದ್ದೇನೆ, ಇವತ್ತಿಗೂ ಪ್ರತಿಯೊಂದನ್ನೂ ಮೂರು ಸಲ ನೋಡುತ್ತೇನೆ. ನನ್ನ ಮಾತು ಸಾಕು ಅಂತ ಅವರು ನೋಡುವುದನ್ನು ಬಿಟ್ಟರಲ್ಲ, ಅದಕ್ಕೆ.